ಚಾಪ್‌ಮನ್ ಸಿವಿಯಲ್ಲಿದ್ದ ಕಂಪನಿಗಳು

ಬೆಂಗಳೂರಿನ ಹಲಸೂರಿಗೆ ಅಂಟಿಕೊಂಡಿರುವ ಗೌತಮಪುರದಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಪ್ರತಿಮೆಗಳ ಸಾಲಿನಲ್ಲಿ ಪೆಲೆ ಕೂಡ ನಿಂತಿದ್ದಾರೆ. ಆ ಏರಿಯಾಗೆ 'ಮಿನಿ ಬ್ರೆಜಿಲ್' ಅಂತಲೇ ಹೆಸರು. ಇಂದಿರಾನಗರದ ಪಬ್ಬುಗಳಿಂದ ಅಲ್ಲಿಗೆ ಆಟೋದಲ್ಲಿ ಹೆಚ್ಚು ದೂರವೇನಿಲ್ಲ. ಆದರೂ ನಮ್ಮಲ್ಲಿ ಬಹಳ ಜನ ಆ ಕಡೆ ತಿರುಗಿ ನೋಡಿರೋದಿಲ್ಲ. ಶನಿವಾರ ರಾತ್ರಿ ಆರ್ಸೆನಲ್ ಮ್ಯಾಚಿಗೆ ಕೂಗಾಡಿ ಗಂಟಲು ಕೆಡಿಸಿಕೊಳ್ಳುವ ನಮಗೆ, ನಮ್ಮದೇ ಊರಿಗೆ ನೂರು ವರ್ಷ ಸಮೀಪದ ಫುಟ್‌ಬಾಲ್ ಇತಿಹಾಸ ಇದೆ ಅನ್ನೋದು ನೆನಪಾಗುವುದೇ ಅಪರೂಪ.

ಪೆಲೆಗೆ ಪ್ರತಿಮೆ ಆಯ್ತು, ಸರಿ. ಆದರೆ 1970ರಲ್ಲಿ ಅದೇ ಪೆಲೆಯನ್ನ, ಟೊಸ್ಟಾವೊನನ್ನ, ರಿವೆಲಿನೊನನ್ನ, ಗೆರ್ಸನ್, ಜೈರ್ಝಿನೊರನ್ನ ಒಂದೇ ಹನ್ನೊಂದರಲ್ಲಿ ಕೂರಿಸಿ ಆಡಿಸಿದ್ದು ಯಾರು? ಮಾರಿಯೊ ಝಗಾಲೊ. 1958 ಮತ್ತು 1962ರಲ್ಲಿ ಬ್ರೆಜಿಲ್ ವಿಶ್ವಕಪ್ ಗೆದ್ದಾಗ ಎಡಭಾಗದಲ್ಲಿ ಓಡಿ ಓಡಿ ಆಡಿದವರು. 1970ರ ವಿಶ್ವಕಪ್‌ಗೆ ಕೆಲವೇ ತಿಂಗಳು ಇರುವಾಗ ಹಿಂದಿನ ಕೋಚ್ ಸಲ್ದಾನಾರನ್ನ ಮನೆಗೆ ಕಳಿಸಿದರು, ಝಗಾಲೊ ಕೈಗೆ ತಂಡ ಬಂತು. ಫೈನಲ್‌ನಲ್ಲಿ ಇಟಲಿ ಮೇಲೆ 4-1. ಆಟಗಾರನಾಗಿಯೂ ಕೋಚ್ ಆಗಿಯೂ ವಿಶ್ವಕಪ್ ಗೆದ್ದ ಮೊದಲ ಮನುಷ್ಯ ಅವರು. ಆಮೇಲೆ ಆ ಸಾಲಿಗೆ ಸೇರಿದ್ದು ಬೆಕನ್‌ಬಾವರ್, ದೆಶಾಂಪ್ ಇಬ್ಬರೇ. 2024ರ ಜನವರಿಯಲ್ಲಿ 92ನೇ ವಯಸ್ಸಿಗೆ ಝಗಾಲೊ ತೀರಿಕೊಂಡರು.

ಇಲ್ಲೊಂದು ಸಣ್ಣ ವಿವರ ಗಮನಿಸಿ. ಝಗಾಲೊ ಆಟ ನಿಲ್ಲಿಸಿದ್ದು ಬೊಟಫೋಗೊ ಕ್ಲಬ್‌ನಲ್ಲಿ. ಕೋಚಿಂಗ್ ಶುರು ಮಾಡಿದ್ದೂ ಅಲ್ಲೇ, ಅದೂ ಚಿಕ್ಕ ಹುಡುಗರ ತಂಡದಿಂದ. ಆ ಕ್ಲಬ್ ಇವತ್ತಿಗೂ ಇದೆ, 2024ರಲ್ಲಿ ದಕ್ಷಿಣ ಅಮೆರಿಕದ ದೊಡ್ಡ ಕಪ್ ಕೊಪಾ ಲಿಬರ್ಟಡೋರಸ್ ಕೂಡ ಗೆದ್ದಿದೆ. ಅಂದರೆ ಆಟ ಮುಗಿಸಿದ ಆಟಗಾರ ಕೋಚ್ ಆಗಬೇಕಾದರೆ ಅವನ ತಲೆಯೊಂದು ಸಾಲದು. ಅವನು ಆಡಿದ ಮನೆ ಬಿದ್ದುಹೋಗದೆ ನಿಂತಿರಬೇಕು. ಈ ಮಾತನ್ನ ಇಟ್ಟುಕೊಂಡು ನಮ್ಮ ಬೆಂಗಳೂರಿನ ಹುಡುಗನೊಬ್ಬನ ಕಥೆ ಹೇಳಬೇಕು. ಹೆಸರು ಕಾರ್ಲ್ಟನ್ ಚಾಪ್‌ಮನ್. ಹುಟ್ಟಿದ್ದು 1971ರ ಏಪ್ರಿಲ್ 13, ಬೆಂಗಳೂರಿನಲ್ಲಿ. ಹೋಗಿದ್ದು 2020ರ ಅಕ್ಟೋಬರ್ 12, ಬೆಂಗಳೂರಿನಲ್ಲೇ, ಹೃದಯಾಘಾತ. ವಯಸ್ಸು ಬರೀ 49.

ಸಿಂಧನೂರಿನವನಿಗೆ ಈ ಕಥೆಯ ಉಸಾಬರಿ ಯಾಕೆ ಅಂತ ನೀವು ಕೇಳಬಹುದು. ನಮ್ಮ ಕಡೆ ಫುಟ್‌ಬಾಲ್ ಯಾರು ಆಡ್ತಾರೆ? ಭತ್ತ ಕೊಯ್ದ ಮೇಲೆ ಒಣಗಿದ ಗದ್ದೆಯಲ್ಲಿ ಟೆನಿಸ್ ಬಾಲ್ ಕ್ರಿಕೆಟ್, ಜಾತ್ರೆ ಬಂದರೆ ಕಬಡ್ಡಿ, ವಾಲಿಬಾಲ್. ಅಷ್ಟೇ. ಆದರೆ ಸಿಂಧನೂರಿಗೂ ಚಾಪ್‌ಮನ್‌ಗೂ ಒಂದು ವಿಚಿತ್ರ ನಂಟಿದೆ, ಅದು ಕೋಲ್ಕತ್ತದ ಮೂಲಕ ಸುತ್ತಿ ಬರುತ್ತದೆ.

ನಮ್ಮ ತಾಲೂಕಿನಲ್ಲಿ 'ಕ್ಯಾಂಪ್' ಅನ್ನೋ ಪದ ಊರಿನ ಹೆಸರಿನಷ್ಟೇ ಸಾಮಾನ್ಯ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಆಂಧ್ರದಿಂದ ರೈತರು ಬಂದು ಕ್ಯಾಂಪ್ ಮಾಡಿಕೊಂಡರು, ಅವೆಲ್ಲ ಈಗ ಊರುಗಳೇ ಆಗಿವೆ. ಅವಲ್ಲದೆ ಇನ್ನೊಂದು ಬಗೆಯ ಕ್ಯಾಂಪುಗಳಿವೆ: ಆರ್.ಎಚ್. ಕ್ಯಾಂಪ್. ಪೂರ್ವ ಪಾಕಿಸ್ತಾನದಿಂದ, ಅಂದರೆ ಇವತ್ತಿನ ಬಾಂಗ್ಲಾದೇಶದಿಂದ ಬಂದ ಹಿಂದೂ ನಿರಾಶ್ರಿತರಿಗೆ 1970ರ ದಶಕದ ಶುರುವಿನ ಹೊತ್ತಿಗೆ ಸರ್ಕಾರ ಇಲ್ಲಿ ಜಮೀನು ಕೊಟ್ಟು ನೆಲೆ ಮಾಡಿಸಿತು. ಆರ್.ಎಚ್. ಅಂದರೆ ರಿಹ್ಯಾಬಿಲಿಟೇಶನ್. ಪದ್ಮಾ ನದಿ ಸೀಮೆಯ ಜನ ಬಂದು ಎರೆಮಣ್ಣಿನಲ್ಲಿ ಭತ್ತ ಬೆಳೆದರು, ಹೊಂಡ ತೋಡಿ ಮೀನು ಸಾಕಿದರು. ನನ್ನ ಕ್ಲಾಸಿನಲ್ಲಿ ಅಲ್ಲಿನ ಹುಡುಗರಿದ್ದರು. ನಮ್ಮ ಜೊತೆ "ಏನ್ಲೇ, ಎಲ್ಲಿ ಹೊಂಟಿ" ಅಂತ ರಾಯಚೂರು ಕನ್ನಡ, ಮನೆಗೆ ಹೋದರೆ ಬಂಗಾಳಿ. ಅವರಲ್ಲೊಬ್ಬನ ತಾತನಿಗೆ ಕ್ರಿಕೆಟ್ ಅಂದರೆ ಅಷ್ಟಕ್ಕಷ್ಟೆ. ಅವರ ಬಾಯಲ್ಲಿ ಇದ್ದದ್ದು ಒಂದೇ ಹೆಸರು: ಈಸ್ಟ್ ಬೆಂಗಾಲ್.

ಈಸ್ಟ್ ಬೆಂಗಾಲ್ ಕ್ಲಬ್ ಶುರುವಾಗಿದ್ದು 1920ರ ಆಗಸ್ಟ್ 1ರಂದು, ಕೋಲ್ಕತ್ತದಲ್ಲಿ. ಪೂರ್ವದ ಕಡೆಯವರನ್ನ ಕೋಲ್ಕತ್ತದ ಕ್ಲಬ್‌ಗಳು ಸರಿಯಾಗಿ ನೋಡಿಕೊಳ್ಳಲ್ಲ ಅನ್ನೋ ಸಿಟ್ಟಿನಲ್ಲಿ ಹುಟ್ಟಿದ ಕ್ಲಬ್ ಅದು. 1947ರಲ್ಲಿ ದೇಶ ಎರಡಾಯ್ತು, ಲಕ್ಷಾಂತರ ಜನ ಗಡಿ ದಾಟಿ ಬಂದರು. ಮನೆ, ಹೊಲ, ಊರು ಎಲ್ಲ ಆಚೆ ಉಳಿದಿತ್ತು. ಊರಿನ ಹೆಸರು ಹೊತ್ತ ಒಂದು ಕ್ಲಬ್ ಮಾತ್ರ ಈಚೆ ಇತ್ತು. ಕೆಂಪು-ಹಳದಿ ಜರ್ಸಿ ಗೆದ್ದರೆ ಆ ದಿನ ಮನೆಯಲ್ಲಿ ಹಿಲ್ಸಾ ಮೀನು. ಎದುರಾಳಿ ಮೋಹನ್ ಬಾಗಾನ್ ಗೆದ್ದರೆ ಅವರ ಮನೆಯಲ್ಲಿ ಸೀಗಡಿ. ಕಳೆದುಕೊಂಡ ನೆಲವನ್ನ ವಾರಕ್ಕೊಮ್ಮೆ ತೊಂಬತ್ತು ನಿಮಿಷ ವಾಪಸ್ ಪಡೆಯುವ ಆಟ ಅದು.

ಇಲ್ಲಿ ಕನ್ನಡಿಗರಿಗೆ ಗೊತ್ತಿರಬೇಕಾದ ಸಂಗತಿ ಬರುತ್ತದೆ. ವಿಭಜನೆ ಆದ ಆ ಕಷ್ಟದ ವರ್ಷಗಳಲ್ಲಿ ಈಸ್ಟ್ ಬೆಂಗಾಲನ್ನ ದೊಡ್ಡ ತಂಡ ಮಾಡಿದ್ದು 'ಪಂಚ ಪಾಂಡವರು' ಅಂತ ಹೆಸರಾದ ಐವರು ಫಾರ್ವರ್ಡ್‌ಗಳು: ಅಪ್ಪಾರಾವ್, ಧನರಾಜ್, ವೆಂಕಟೇಶ್, ಸಾಲೆ, ಅಹ್ಮದ್ ಖಾನ್. ಐವರೂ ದಕ್ಷಿಣದವರು. ಒಬ್ಬನಾದರೂ ಬಂಗಾಳಿ ಇಲ್ಲ! ಅಹ್ಮದ್ ಖಾನ್ ಬೆಂಗಳೂರಿನವರು. 1948ರ ಲಂಡನ್ ಒಲಿಂಪಿಕ್ಸ್‌ಗೆ ಬರಿಗಾಲಲ್ಲಿ ಆಡಿದ ತಂಡದಲ್ಲಿದ್ದರು. ಆ ಮ್ಯಾಚಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಕೂಡ ಬೆಂಗಳೂರಿನವರೇ. 1952ರ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯಾ ನಮಗೆ ಹತ್ತು ಗೋಲು ಹೊಡೆಯಿತು, ನಮ್ಮ ಒಂದು ಗೋಲು ಅಹ್ಮದ್ ಖಾನ್‌ದು. ನಡುವೆ 1951ರ ದೆಹಲಿ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ. ಅವರು 2017ರಲ್ಲಿ ಕೋಲ್ಕತ್ತದಲ್ಲೇ ತೀರಿಕೊಂಡರು. ಅಲ್ಲಿ ಅವರು ದಂತಕಥೆ. ಇಲ್ಲಿ, ಎಂ.ಜಿ. ರೋಡಲ್ಲಿ ನಿಂತು ಹತ್ತು ಜನರನ್ನ ಕೇಳಿ ನೋಡಿ.

ಆ ಬೆಂಗಳೂರು–ಕೋಲ್ಕತ್ತ ರೈಲು ಹತ್ತಿದ ಸಾಲಿನಲ್ಲೇ ಚಾಪ್‌ಮನ್ ಬರೋದು. 1990ರಲ್ಲಿ ಜಮ್‌ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿ ಸೇರಿದರು. ಆಗ ಅಕಾಡೆಮಿಗೆ ಮೂರೇ ವರ್ಷ. 1993ರಲ್ಲಿ ಈಸ್ಟ್ ಬೆಂಗಾಲ್. ಅದೇ ವರ್ಷ ಏಷ್ಯನ್ ಕಪ್ ವಿನ್ನರ್ಸ್ ಕಪ್‌ನಲ್ಲಿ ಇರಾಕಿನ ಅಲ್ ಜವ್ರಾ ವಿರುದ್ಧ ಮ್ಯಾಚ್. ಇರಾಕಿನ ಕ್ಲಬ್‌ಗಳು ಆಗ ಏಷ್ಯಾದಲ್ಲಿ ಭಾರಿ ಗಟ್ಟಿ, ನಮ್ಮ ಕ್ಲಬ್ ಅವರ ಮುಂದೆ ನಿಲ್ಲೋದೇ ಹೆಚ್ಚು ಅನ್ನೋ ಲೆಕ್ಕ. ಆಗಿದ್ದು ಏನು? ಈಸ್ಟ್ ಬೆಂಗಾಲ್ 6, ಅಲ್ ಜವ್ರಾ 2. ಆರರಲ್ಲಿ ಮೂರು ಗೋಲು ಚಾಪ್‌ಮನ್‌ದು. ಮಿಡ್‌ಫೀಲ್ಡ್‌ನಲ್ಲಿ ಆಡೋ, ಇಪ್ಪತ್ತೆರಡು ವರ್ಷದ ಹುಡುಗ.

1995ರಲ್ಲಿ ಪಂಜಾಬಿನ ಫಗ್ವಾಡಾದ ಜೆಸಿಟಿಗೆ ಹೋದರು. ಬಟ್ಟೆ ಮಿಲ್ಲಿನ ತಂಡ ಅದು. ಮುಂದೆ ಐ.ಎಂ. ವಿಜಯನ್, ಭೈಚುಂಗ್ ಭುಟಿಯಾ, ಹಿಂದಿನಿಂದ ಚೆಂಡು ಕೊಡಲು ಚಾಪ್‌ಮನ್. ಕೇರಳ, ಸಿಕ್ಕಿಂ, ಕರ್ನಾಟಕ ಮೂರೂ ಸೇರಿದ ಆ ತಂಡ 1996-97ರಲ್ಲಿ ದೇಶದ ಮೊಟ್ಟಮೊದಲ ನ್ಯಾಷನಲ್ ಫುಟ್‌ಬಾಲ್ ಲೀಗ್ ಗೆದ್ದಿತು. ಆಮೇಲೆ ಎಫ್‌ಸಿ ಕೊಚ್ಚಿನ್. 1998ರಲ್ಲಿ ವಾಪಸ್ ಈಸ್ಟ್ ಬೆಂಗಾಲ್. 2000-01ರಲ್ಲಿ ಈಸ್ಟ್ ಬೆಂಗಾಲ್ ಮೊದಲ ಸಲ ನ್ಯಾಷನಲ್ ಲೀಗ್ ಗೆದ್ದಾಗ ಕ್ಯಾಪ್ಟನ್ ಚಾಪ್‌ಮನ್. 1997ರ ಸ್ಯಾಫ್ ಕಪ್ ಗೆದ್ದ ಭಾರತ ತಂಡದಲ್ಲಿದ್ದರು, ದೇಶದ ತಂಡಕ್ಕೂ ಕ್ಯಾಪ್ಟನ್ ಆದರು. 2001ರಲ್ಲಿ ಆಟ ನಿಲ್ಲಿಸಿದಾಗ ಅವರಿಗೆ ಮೂವತ್ತು.

ಮೂವತ್ತು ವರ್ಷ. ನಮ್ಮಲ್ಲಿ ಹಲವರು ಮೊದಲ ಸಲ 'ಸೀನಿಯರ್' ಅನ್ನೋ ಪದ ಡೆಸಿಗ್ನೇಶನ್‌ನಲ್ಲಿ ನೋಡೋ ವಯಸ್ಸು. ಆಟಗಾರನಿಗೆ ಅದು ರಿಟೈರ್‌ಮೆಂಟ್. ಮುಂದಿನ ಮೂವತ್ತು ವರ್ಷಕ್ಕೆ ಗೊತ್ತಿರೋ ವಿದ್ಯೆ ಒಂದೇ, ಫುಟ್‌ಬಾಲ್. ಚಾಪ್‌ಮನ್ ಹೋಗಿ ಸೇರಿದ್ದು ತಾವು ಕಲಿತ ಟಾಟಾ ಅಕಾಡೆಮಿಗೇ, ಕೋಚ್ ಆಗಿ. ಝಗಾಲೊ ಶುರು ಮಾಡಿದ ಹಾಗೇ, ಚಿಕ್ಕ ಹುಡುಗರಿಂದ. ಅಲ್ಲಿಂದ ಮೇಘಾಲಯದ ಶಿಲ್ಲಾಂಗ್, ರಾಯಲ್ ವಾಹಿಂಗ್ಡೋ ಕ್ಲಬ್. ಅವರ ಕಾಲದಲ್ಲಿ ಆ ತಂಡ ಶಿಲ್ಲಾಂಗ್ ಲೀಗನ್ನ ಮೂರು ಸಲ ಗೆದ್ದಿತು, 2011ರಲ್ಲಿ ಗುವಾಹಟಿಯ ಬೋರ್ಡೊಲೊಯ್ ಟ್ರೋಫಿ ಗೆದ್ದಿತು. ಆಮೇಲೆ ಕೋಲ್ಕತ್ತದ ಭವಾನಿಪುರ, ಬೆಂಗಳೂರಿನ ಸ್ಟೂಡೆಂಟ್ಸ್ ಯೂನಿಯನ್, ಕೊನೆಗೆ ಕೋಳಿಕ್ಕೋಡಿನ ಕ್ವಾರ್ಟ್ಜ್ ಕ್ಲಬ್‌ನ ಟೆಕ್ನಿಕಲ್ ಡೈರೆಕ್ಟರ್. ದೇಶದ ಕ್ಯಾಪ್ಟನ್ ಆಗಿದ್ದವರು ಹೆಚ್ಚಿನ ಜನ ಹೆಸರೂ ಕೇಳದ ತಂಡಗಳ ಗ್ರೌಂಡಿನಲ್ಲಿ ಬೆಳಿಗ್ಗೆ ಬೆಳಿಗ್ಗೆ ಕೋನ್ ಜೋಡಿಸುತ್ತಾ ಇದ್ದರು.

ಈಗ ಅವರ ಸಿವಿಯನ್ನ ಎಚ್‌ಆರ್ ಕಣ್ಣಿಂದ ಒಮ್ಮೆ ಓದಿ. ಎಫ್‌ಸಿ ಕೊಚ್ಚಿನ್: 1997ರಲ್ಲಿ ಭಾರಿ ಸದ್ದು ಮಾಡಿ ಹುಟ್ಟಿತು, ಹುಟ್ಟಿದ ವರ್ಷವೇ ಡ್ಯುರಾಂಡ್ ಕಪ್ ಗೆದ್ದಿತು, ದುಡ್ಡು ಮುಗಿದು 2002ರ ಹೊತ್ತಿಗೆ ಮುಚ್ಚಿತು. ಜೆಸಿಟಿ: ದೇಶದ ಮೊದಲ ಲೀಗ್ ಚಾಂಪಿಯನ್, 2011ರಲ್ಲಿ ತಂಡಕ್ಕೆ ಬೀಗ. ನ್ಯಾಷನಲ್ ಫುಟ್‌ಬಾಲ್ ಲೀಗ್: 2007ರಲ್ಲಿ ಬಂದ್, ಜಾಗಕ್ಕೆ ಐ-ಲೀಗ್. ರಾಯಲ್ ವಾಹಿಂಗ್ಡೋ: ಚಾಪ್‌ಮನ್ ಬಿಟ್ಟ ಮೇಲೆ 2014ರಲ್ಲಿ ಎರಡನೇ ಡಿವಿಜನ್ ಗೆದ್ದು ಮೇಲೆ ಬಂತು, ಐ-ಲೀಗ್‌ನ ಮೊದಲ ವರ್ಷದಲ್ಲೇ ಮೂರನೇ ಸ್ಥಾನ ಪಡೆಯಿತು, ಮುಂದಿನ ದಾರಿ ಕಾಣ್ತಿಲ್ಲ ಅಂತ 2015ರಲ್ಲಿ ಲೀಗ್‌ನಿಂದಲೇ ಹೊರಬಂತು.

ಒಬ್ಬ ಮನುಷ್ಯ ಕೆಲಸ ಮಾಡಿದ ಕಂಪನಿಗಳೆಲ್ಲ ಒಂದೊಂದಾಗಿ ಇಲ್ಲವಾಗುತ್ತಾ ಹೋದರೆ ಅವನ ಅನುಭವಕ್ಕೆ ಸಾಕ್ಷಿ ಯಾರು? ಸ್ಟಾರ್ಟಪ್‌ಗಳಲ್ಲಿ ಇದ್ದವರಿಗೆ ಇದು ಗೊತ್ತು. ಹಳೇ ಕಂಪನಿಯ ಇಮೇಲ್ ಬೌನ್ಸ್ ಆಗುತ್ತೆ, ವೆಬ್‌ಸೈಟ್ ತೆರೆಯಲ್ಲ, ಇಂಟರ್‌ವ್ಯೂನಲ್ಲಿ ಕೂತವರು "ಹೆಸರೇ ಕೇಳಿಲ್ಲವಲ್ಲ" ಅಂತಾರೆ. ನಮಗಾದರೆ ಇನ್ನೊಂದು ಕಂಪನಿ ಸಿಗುತ್ತೆ. ಭಾರತದಲ್ಲಿ ಫುಟ್‌ಬಾಲ್ ಕೋಚ್‌ಗೆ ಇರೋ ಕೆಲಸಗಳೇ ಬೆರಳೆಣಿಕೆ.

ಆ ಬೆರಳೆಣಿಕೆಯೂ 2014ರಲ್ಲಿ ಏನಾಯ್ತು ನೋಡಿ. ಇಂಡಿಯನ್ ಸೂಪರ್ ಲೀಗ್ ಶುರುವಾಯ್ತು. ಎಂಟು ತಂಡ. ಎಂಟಕ್ಕೂ ವಿದೇಶಿ ಮುಖ್ಯ ಕೋಚ್. ಗೋವಾಕ್ಕೆ ಬ್ರೆಜಿಲ್‌ನ ಝಿಕೊ ಬಂದರು. ಚೆನ್ನೈಗೆ ಇಟಲಿಯ ಮಾತೆರಾಜ್ಜಿ, ಕೇರಳಕ್ಕೆ ಇಂಗ್ಲೆಂಡಿನ ಡೇವಿಡ್ ಜೇಮ್ಸ್, ಇಬ್ಬರೂ ಆಡುತ್ತಲೇ ಕೋಚ್. ಮರುವರ್ಷ ದೆಹಲಿಗೆ ಬ್ರೆಜಿಲ್‌ನ ರೊಬರ್ಟೊ ಕಾರ್ಲೋಸ್, ಅವರೂ ಆಟಗಾರ-ಕೋಚ್. ಝಿಕೊ ಬಗ್ಗೆ ಎರಡು ಮಾತಿಲ್ಲ, 2015ರಲ್ಲಿ ಗೋವಾವನ್ನ ಫೈನಲ್‌ವರೆಗೆ ತಂದರು. ಹೊರಗಿನವರು ಬಂದದ್ದು ತಪ್ಪು ಅಂತ ನಾನು ಹೇಳ್ತಿಲ್ಲ. ಹೊರಗಿನಿಂದ ಹೋದ ಐವರೇ ಈಸ್ಟ್ ಬೆಂಗಾಲನ್ನ ಕಟ್ಟಿದ್ದು, ಈಗಷ್ಟೇ ಹೇಳಿದೆನಲ್ಲ. ಹೊರಗಿನವರಿಗೆ ಜಾಗ ಇತ್ತು, ಒಳಗಿನವರಿಗೆ ಮಾತ್ರ ಏಣಿ ಇರಲಿಲ್ಲ ಅನ್ನೋದಷ್ಟೇ ನನ್ನ ತಕರಾರು. ಐಎಸ್‌ಎಲ್ ತಂಡವೊಂದು ಭಾರತೀಯನನ್ನ ಪೂರ್ಣಾವಧಿ ಮುಖ್ಯ ಕೋಚ್ ಮಾಡೋಕೆ 2021 ಬೇಕಾಯ್ತು: ನಾರ್ತ್ ಈಸ್ಟ್ ಯುನೈಟೆಡ್‌ನಲ್ಲಿ ಖಾಲಿದ್ ಜಮೀಲ್. ಅವರು ಐಜಾಲ್‌ನಂಥ ಸಣ್ಣ ಊರಿನ ತಂಡಕ್ಕೆ 2017ರಲ್ಲಿ ಐ-ಲೀಗ್ ಗೆಲ್ಲಿಸಿಕೊಟ್ಟು ನಾಲ್ಕು ವರ್ಷ ಆಗಿತ್ತು. 2025ರಲ್ಲಿ ಅದೇ ಜಮೀಲ್ ಭಾರತ ತಂಡದ ಕೋಚ್ ಆದರು. ಚಾಪ್‌ಮನ್ ಬದುಕಿದ್ದರೆ ಆಗ ಅವರಿಗೆ ಐವತ್ತನಾಲ್ಕು. ಕೋಚ್‌ಗಳಿಗೆ ಅದೇನು ದೊಡ್ಡ ವಯಸ್ಸಲ್ಲ.

ಚಾಪ್‌ಮನ್ ತೀರಿಕೊಂಡ 2020ರ ಅಕ್ಟೋಬರ್‌ನಲ್ಲಿ ಈಸ್ಟ್ ಬೆಂಗಾಲ್‌ಗೆ ನೂರು ವರ್ಷ ತುಂಬಿತ್ತು, ಆಗಷ್ಟೇ ಐಎಸ್‌ಎಲ್‌ಗೂ ಸೇರಿತ್ತು. ಅದೇ ತಿಂಗಳು ಕ್ಲಬ್ ಹೊಸ ಕೋಚ್‌ನ ಹೆಸರು ಹೇಳಿತು: ಲಿವರ್‌ಪೂಲ್‌ನ ಹಳೇ ಸ್ಟ್ರೈಕರ್ ರಾಬಿ ಫೌಲರ್. ಪೇಪರ್‌ನಲ್ಲಿ ಎರಡೂ ಸುದ್ದಿ ಹೆಚ್ಚುಕಮ್ಮಿ ಒಂದೇ ವಾರ ಬಂದವು.

ನಮ್ಮ ಪಕ್ಕದ ಲಿಂಗಸುಗೂರು ತಾಲೂಕಿನಲ್ಲಿ ಹಟ್ಟಿ ಚಿನ್ನದ ಗಣಿ ಇದೆ. ಅಲ್ಲಿ ಕೆಲಸ ಮಾಡುವವರನ್ನ ಕೇಳಿದರೆ ಹೇಳ್ತಾರೆ, ಒಂದು ಟನ್ ಕಲ್ಲು ನೆಲದಡಿಯಿಂದ ಮೇಲೆ ತಂದು ಒಡೆದು ಅರೆದರೆ ಸಿಗೋದು ಕೆಲವೇ ಗ್ರಾಂ ಬಂಗಾರ ಅಂತ. ಅಂಗಡಿಯಲ್ಲಿ ಕಾಣೋದು ಆ ಗ್ರಾಂ ಮಾತ್ರ. ಹುಡುಗರಿಗೆ ಆಟ ಕಲಿಸುವ ಕೆಲಸವೂ ಹೀಗೇ. ಅಕಾಡೆಮಿಗೆ ಬಂದ ಐವತ್ತು ಹುಡುಗರಲ್ಲಿ ದೊಡ್ಡ ತಂಡಕ್ಕೆ ಹೋಗೋದು ಒಬ್ಬನೋ ಇಬ್ಬರೋ. ಟಿವಿಯಲ್ಲಿ ಅವನನ್ನ ನೋಡ್ತೀವಿ. ಉಳಿದ ನಲವತ್ತೆಂಟು ಹುಡುಗರಿಗೂ ಚೆಂಡು ಹೇಗೆ ತಡೀಬೇಕು, ತಲೆ ಎತ್ತಿ ಹೇಗೆ ನೋಡಬೇಕು, ಸೋತ ದಿನ ಬಸ್ಸಿನಲ್ಲಿ ಹೇಗೆ ಕೂರಬೇಕು ಅಂತ ಅದೇ ಶ್ರದ್ಧೆಯಿಂದ ಹೇಳಿಕೊಟ್ಟವರು ಕಾಣಲ್ಲ. ಆಟಗಾರನ ಲೆಕ್ಕ ಗೋಲಿನಲ್ಲಿದೆ. ಅಲ್ ಜವ್ರಾ ಮೇಲಿನ ಮೂರು ಗೋಲನ್ನ ಯಾರೂ ಅಳಿಸೋಕಾಗಲ್ಲ. ಕೋಚ್‌ನ ಕೆಲಸ ಬೇರೆಯವರ ಕಾಲಲ್ಲಿ ಇರುತ್ತೆ, ಅದಕ್ಕೆ ಸ್ಕೋರ್‌ಬೋರ್ಡ್ ಇಲ್ಲ.

ಹಾಗಾಗಿ ಯಾರಾದರೂ ಹೆಸರು ಬರೆದಿಡಬೇಕಾಗುತ್ತದೆ. ಮಸ್ಕಿಯವರಿಗೆ ಇದನ್ನ ವಿವರಿಸಿ ಹೇಳಬೇಕಿಲ್ಲ. ಹಲವು ಕಡೆ ಬಂಡೆಗಳ ಮೇಲೆ 'ದೇವಾನಾಂಪ್ರಿಯ' ಅಂತ ಬಿರುದು ಮಾತ್ರ ಸಿಗ್ತಿತ್ತು, ಆ ರಾಜ ಯಾರು ಅಂತ ಪಂಡಿತರು ಲೆಕ್ಕ ಹಾಕ್ತಾ ಕೂತಿದ್ದರು. 1915ರಲ್ಲಿ ಬೀಡನ್ ಅನ್ನೋ ಗಣಿ ಎಂಜಿನಿಯರ್ ಬಂಗಾರ ಹುಡುಕ್ತಾ ಮಸ್ಕಿಗೆ ಬಂದ. ಅವನ ಕಣ್ಣಿಗೆ ಬಿದ್ದ ಶಾಸನದಲ್ಲಿ ಬಿರುದಿನ ಜೊತೆ 'ಅಶೋಕ' ಅನ್ನೋ ಹೆಸರೂ ಇತ್ತು. ಅಷ್ಟು ದೊಡ್ಡ ಚಕ್ರವರ್ತಿಯ ಗುರುತು ಗಟ್ಟಿಯಾಗಬೇಕಾದರೂ ಒಂದು ಬಂಡೆ ಮೇಲೆ ಹೆಸರು ಇರಬೇಕಾಯ್ತು. 'ಮಾಜಿ ಕ್ಯಾಪ್ಟನ್', 'ಮಾಜಿ ಕೋಚ್' ಅನ್ನೋ ಬಿರುದುಗಳ ಹಿಂದೆ ಕರಗಿಹೋಗುವ ನಮ್ಮವರ ಬಗ್ಗೆ ಏನು ಹೇಳೋಣ?

ಇನ್ನೊಂದು ವಿಷಯ ಹೇಳಿ ಮುಗಿಸ್ತೀನಿ. ಮೈಸೂರು ರಾಜ್ಯದ ತಂಡ ಸಂತೋಷ್ ಟ್ರೋಫಿಯನ್ನ 1946-47ರಲ್ಲಿ, 1952-53ರಲ್ಲಿ, 1967-68ರಲ್ಲಿ, ಮತ್ತೆ 1968-69ರಲ್ಲಿ ಗೆದ್ದಿತ್ತು. ಆಮೇಲೆ ಐವತ್ನಾಲ್ಕು ವರ್ಷ ಬರಗಾಲ. ಕರ್ನಾಟಕ ಅಂತ ಹೆಸರು ಬದಲಾದ ಮೇಲೆ ಒಂದೂ ಇಲ್ಲ. ಚಾಪ್‌ಮನ್ ತಾವೂ ಸಂತೋಷ್ ಟ್ರೋಫಿ ಆಡಿದ್ದರು, ಆದರೆ ಬಂಗಾಳದ ಪರವಾಗಿ. ಕೊನೆಗೆ 2023ರ ಮಾರ್ಚ್ 4ರಂದು, ದೂರದ ರಿಯಾದ್‌ನಲ್ಲಿ ಕರ್ನಾಟಕ ಫೈನಲ್ ಗೆದ್ದಿತು, 3-2. ಎದುರಿದ್ದ ತಂಡ ಮೇಘಾಲಯ. ಐವತ್ತು ವರ್ಷದ ಹಿಂದೆ ಫುಟ್‌ಬಾಲ್ ನಕ್ಷೆಯಲ್ಲಿ ಆ ರಾಜ್ಯ ಎಲ್ಲೂ ಇರಲಿಲ್ಲ. ಶಿಲ್ಲಾಂಗ್‌ನ ಲೀಗು, ಅಲ್ಲಿನ ಕ್ಲಬ್‌ಗಳು, ಅಲ್ಲಿ ಮಳೆಯಲ್ಲಿ ನಿಂತು ಕಲಿಸಿದ ಹತ್ತಾರು ಕೋಚ್‌ಗಳು ಆ ನೆಲೆಯನ್ನ ಕಟ್ಟಿದರು. ಅವರಲ್ಲೊಬ್ಬರು ನಮ್ಮ ಬೆಂಗಳೂರಿನವರು. ಆ ರಾತ್ರಿ ಗೆದ್ದ ತಂಡ ಅವರು ಹುಟ್ಟಿದ ಊರಿನದ್ದು, ಸೋತ ತಂಡ ಅವರು ದುಡಿದ ಊರಿನದ್ದು. ನೋಡೋಕೆ ಅವರು ಇರಲಿಲ್ಲ.

ಗೌತಮಪುರದಲ್ಲಿ ಪೆಲೆ ನಿಂತಿರಲಿ, ಚೆನ್ನಾಗಿಯೇ ಇದೆ. ಊರಿಗೆ ಹೋದಾಗ ಆರ್.ಎಚ್. ಕ್ಯಾಂಪಿನ ಗೆಳೆಯನಿಗೆ ಅಹ್ಮದ್ ಖಾನ್, ಚಾಪ್‌ಮನ್ ಇಬ್ಬರ ವಿಷಯ ಹೇಳಿದೆ. ಅವನು ಮೀನಿನ ಲೋಡ್ ಲೆಕ್ಕ ಹಾಕ್ತಾ ಕೂತಿದ್ದವನು ತಲೆ ಎತ್ತಿ, "ಅಂದ್ರ ನಮ್ಮ ತಾತಾ ಅಷ್ಟು ವರ್ಷ ಕುಣಿದದ್ದು ನಿಮ್ಮ ಬೆಂಗಳೂರಿನವರಿಗೇನಲೇ?" ಅಂದ. ಹೌದು ಅಂದೆ. "ಮತ್ತ ನೀವ್ಯಾಕ ಕುಣೀಲಿಲ್ಲ?" ಅಂತ ಕೇಳಿದ.